ದೊಡ್ಡ ಹಾಲ್, ನಾಲ್ಕು ವೈರ್‌ಲೆಸ್ ಸ್ಪೀಕರ್, ಒಂದೇ ಹಾಡು

"ಹಾಲ್ ದೊಡ್ಡದು, ಒಂದು ಸ್ಪೀಕರ್ ಸಾಲುತ್ತಿಲ್ಲ. ಅದೇ ಥರದ್ದು ಇನ್ನೂ ಮೂರು ತಂದು ಸೇರಿಸಿಬಿಟ್ಟರೆ ಆಯ್ತಲ್ವಾ?" ಸೌಂಡ್ ಕೆಲಸ ಮಾಡುವ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ. ಸೇರಿಸಬಹುದು. ಆದರೆ ಕೇಳುವವರ ತಲೆಯಲ್ಲಿರುವುದು ಜಾಸ್ತಿ ಸದ್ದು. ದೊಡ್ಡ ಕೋಣೆಯಲ್ಲಿ ಕೈಕೊಡುವುದು ಸಮಯ. ನಾಲ್ಕೂ ಸ್ಪೀಕರ್ ಒಂದೇ ಕ್ಷಣಕ್ಕೆ ನುಡಿಯದಿದ್ದರೆ ಎಷ್ಟು ಒಳ್ಳೆಯ ಮಾಲು ತಂದರೂ ಹಾಡು ಕಲಸಿಹೋಗುತ್ತದೆ, ಮಾತು ಅರ್ಥವೇ ಆಗುವುದಿಲ್ಲ.

ಮೊದಲು ಸದ್ದಿನ ಲೆಕ್ಕ ಮುಗಿಸಿಬಿಡೋಣ. ಒಂದು ಸ್ಪೀಕರ್ ಪಕ್ಕ ಅಂಥದ್ದೇ ಇನ್ನೊಂದನ್ನು ಇಟ್ಟರೆ ಸಾಮಾನ್ಯವಾಗಿ ಏರುವುದು 3 ಡೆಸಿಬೆಲ್. ಎರಡರ ಅಲೆಗಳೂ ಸರಿಯಾಗಿ ಕೂಡಿಕೊಳ್ಳುವ ಜಾಗದಲ್ಲಿ 6. ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅಂದರೆ ನಾಲ್ಕು ಸ್ಪೀಕರ್‌ಗಳನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಿದರೆ ಖರ್ಚಿಗೆ ತಕ್ಕ ಫಲವಿಲ್ಲ.

ಹೊರಗೆ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಅಷ್ಟು ಇಳಿಯುವುದಿಲ್ಲ. ಗೋಡೆ, ನೆಲ, ಸೀಲಿಂಗಿಗೆ ಬಡಿದು ವಾಪಸಾಗುವ ಸದ್ದು ಎಲ್ಲ ಕಡೆ ತುಂಬಿಕೊಂಡಿರುತ್ತದೆ. ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತವರಿಗೆ ಸದ್ದಿನ ಕೊರತೆ ಇರುವುದಿಲ್ಲ, ಸ್ಪಷ್ಟತೆಯ ಕೊರತೆ ಇರುತ್ತದೆ. ಸ್ಪೀಕರಿನಿಂದ ನೇರವಾಗಿ ಬರುವ ದನಿ ಅವರನ್ನು ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ, ಗುಂಯ್‌ಗುಡುವ ದನಿ ಅದನ್ನು ಮುಚ್ಚಿಹಾಕಿರುತ್ತದೆ. ಇಲ್ಲಿ ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಅಷ್ಟೇ. ಇದರ ಕಷ್ಟ ಹೆಚ್ಚು ತಟ್ಟುವುದು ಕಿವಿ ಸ್ವಲ್ಪ ಮಂದವಾದವರಿಗೆ. ಅವರು ತಲೆಯಾಡಿಸುತ್ತಾ ಕೂತಿರುತ್ತಾರೆ, ಅರ್ಧ ಮಾತು ಹಿಡಿದಿರುವುದಿಲ್ಲ. ಅವರೂ ಕೇಳಲೆಂದೇ ಬಂದವರು. ನಾನು ಹಾಲಿಗೆ ಹೋದರೆ ಮೊದಲು ಕೂತು ನೋಡುವುದು ಕೊನೆಯ ಸಾಲಿನಲ್ಲೇ.

ಪರಿಹಾರ ಏನೆಂದರೆ ಸ್ಪೀಕರ್ ಜನರ ಹತ್ತಿರ ಹೋಗಬೇಕು, ಪ್ರತಿಯೊಂದೂ ಮೆಲ್ಲಗೆ ನುಡಿಯಬೇಕು. ಹಲವು ಸ್ಪೀಕರ್ ಬೇಕಾಗುವುದು ಇದಕ್ಕೆ. ಆದರೆ ಹಲವು ಅಂದ ತಕ್ಷಣ ಸಮಯದ ತಕರಾರು ಶುರುವಾಗುತ್ತದೆ.

ಗಾಳಿಯಲ್ಲಿ ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಡಿಯಲ್ಲಿ ಹೇಳಿದರೆ ಲೆಕ್ಕ ಸುಲಭ: ಒಂದು ಮಿಲಿಸೆಕೆಂಡಿಗೆ ಒಂದು ಅಡಿಗಿಂತ ತುಸು ಜಾಸ್ತಿ. 60 ಅಡಿ ಉದ್ದದ ಹಾಲಿನ ಎರಡು ತುದಿಗೂ ಒಂದೊಂದು ಸ್ಪೀಕರ್ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದರ ಪಕ್ಕ ನಿಂತವರಿಗೆ ಇನ್ನೊಂದರ ದನಿ 50 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಬರುತ್ತದೆ. ಇದು ವೈರ್ ಹಾಕಿದರೂ ತಪ್ಪುವ ತಡವಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಈ ವಿಷಯದ ಮೇಲೆ ಮಾಡಿದ ಕೆಲಸ ನಮ್ಮ ವೃತ್ತಿಗೆ ಇವತ್ತಿಗೂ ಆಧಾರ. ಒಂದೇ ದನಿ ಎರಡು ಕಡೆಯಿಂದ ಸ್ವಲ್ಪ ಹಿಂದೆ ಮುಂದೆ ಬಂದರೆ, ಸುಮಾರು 30 ಮಿಲಿಸೆಕೆಂಡಿನವರೆಗೆ ಕಿವಿ ಎರಡನ್ನೂ ಬೆಸೆದು ಒಂದೇ ಎಂದು ಕೇಳಿಸಿಕೊಳ್ಳುತ್ತದೆ. ಮೊದಲು ಬಂದ ಕಡೆಯಿಂದಲೇ ದನಿ ಬಂತು ಅನಿಸುತ್ತದೆ. 50 ದಾಟಿದರೆ ಮಾತು ಒಡೆದು ಎರಡಾಗಿ ಕೇಳತೊಡಗುತ್ತದೆ. ಸಂಗೀತಕ್ಕೆ ಇನ್ನು ಸ್ವಲ್ಪ ಸಡಿಲ ಇದೆ, ಮಾತಿಗೆ ಇಲ್ಲ.

ಇದರ ಮೇಲೆ ವೈರ್‌ಲೆಸ್‌ನ ತಡ ಬೇರೆ. ಬ್ಲೂಟೂತ್ ಸ್ಪೀಕರ್ ಹಾಡನ್ನು ಕುಗ್ಗಿಸಿದ ರೂಪದಲ್ಲಿ ಪಡೆಯುತ್ತದೆ, ಬಿಡಿಸುತ್ತದೆ, ನಡುವೆ ತಡವರಿಸದಂತೆ ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಇದಕ್ಕೆಲ್ಲ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತದೆ. ಎಲ್ಲ ಸ್ಪೀಕರಿಗೂ ಅಷ್ಟೇ ತಡ ಆದರೆ ಹಾಡು ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಒಂದಕ್ಕೆ 120, ಇನ್ನೊಂದಕ್ಕೆ 190 ಆದರೆ ಕೆಲಸ ಕೆಟ್ಟಿತು. ಬೇರೆ ಬೇರೆ ಕಂಪನಿಯ ಸ್ಪೀಕರ್‌ಗಳನ್ನು ಹೇಗೋ ಒಂದೇ ಫೋನಿಗೆ ಜೋಡಿಸಿದಾಗ ಆಗುವುದು ಇದೇ.

ಆದ್ದರಿಂದ ಸ್ಪೀಕರ್ ಆರಿಸುವ ಮೊದಲು ಅವು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆ ಎನ್ನುವುದನ್ನು ಆರಿಸಿ. ಮಾಮೂಲಿ ಬ್ಲೂಟೂತ್ ಇರುವುದು ಒಂದು ಫೋನಿಗೆ ಒಂದು ಸ್ಪೀಕರ್ ಎಂಬ ಲೆಕ್ಕದಲ್ಲಿ. ಕೆಲವು ಫೋನ್‌ಗಳು ಎರಡಕ್ಕೆ ಒಟ್ಟಿಗೆ ಕಳಿಸುತ್ತವೆ, ಆದರೆ ಎರಡೂ ಒಟ್ಟಿಗೆ ನುಡಿಯುತ್ತವೆ ಎಂಬ ಖಾತ್ರಿ ಇಲ್ಲ. ಕಂಪನಿಗಳು ಕೊಡುವ ಪಾರ್ಟಿ ಮೋಡ್ ಇದಕ್ಕಿಂತ ಎಷ್ಟೋ ವಾಸಿ, ಸ್ಪೀಕರ್‌ಗಳೇ ತಮ್ಮತಮ್ಮಲ್ಲಿ ಹೊಂದಿಕೊಳ್ಳುತ್ತವೆ. ಆದರೆ ಒಂದೇ ಕಂಪನಿಯ ಹಳೆಯದು ಹೊಸದು ಕೂಡುತ್ತವೆ ಅಂದುಕೊಳ್ಳಬೇಡಿ. ಜೆಬಿಎಲ್‌ನ ಕನೆಕ್ಟ್ ಪ್ಲಸ್ ಇರುವ ಸ್ಪೀಕರ್ ಅದೇ ಜೆಬಿಎಲ್‌ನ ಪಾರ್ಟಿಬೂಸ್ಟ್ ಸ್ಪೀಕರ್ ಜೊತೆ ಸೇರುವುದಿಲ್ಲ. ನಾಲ್ಕೂ ಒಂದೇ ಮಾಡೆಲ್ ಆಗಿದ್ದರೆ ತಲೆನೋವು ಕಡಿಮೆ.

ಆರಾಕಾಸ್ಟ್ ಎಂಬ ಹೊಸ ವ್ಯವಸ್ಥೆಯ ಮೇಲೆ ನನಗೆ ನಂಬಿಕೆ ಇದೆ. 2020ರಲ್ಲಿ ಬಂದ ಬ್ಲೂಟೂತ್ 5.2ರ ಬುನಾದಿಯ ಮೇಲೆ ನಿಂತದ್ದು. ರೇಡಿಯೊ ಕೇಂದ್ರದ ಥರ ಒಂದು ಕಡೆಯಿಂದ ಪ್ರಸಾರ, ಎಷ್ಟು ಸ್ಪೀಕರ್ ಬೇಕಾದರೂ ಕೇಳಿಸಿಕೊಳ್ಳಬಹುದು. ಯಾವುದೋ ಒಂದು ಕಂಪನಿಯ ಗುಟ್ಟಿನ ಭಾಷೆಯಲ್ಲ, ಎಲ್ಲರಿಗೂ ತೆರೆದಿರುವ ಮಾನದಂಡ. ಒಂದು ಎಚ್ಚರಿಕೆ: ಡಬ್ಬದ ಮೇಲೆ ಬ್ಲೂಟೂತ್ 5.3 ಎಂದು ಬರೆದ ಮಾತ್ರಕ್ಕೆ ಆರಾಕಾಸ್ಟ್ ಇದೆ ಎಂದಲ್ಲ. ಆ ಹೆಸರನ್ನೇ ಹುಡುಕಿ.

ಹಾಡಿಗಾಗಿ, ಒಂದೇ ಜಾಗದಲ್ಲಿ ಕಾಯಂ ಆಗಿ ಇಡುವುದಾದರೆ ನಾನು ಹೇಳುವುದು ವೈಫೈ ಸ್ಪೀಕರ್. ಆ್ಯಪಲ್‌ನ ಏರ್‌ಪ್ಲೇ 2, ಗೂಗಲ್ ಕಾಸ್ಟ್‌ನ ಗುಂಪು, ಸೋನೋಸ್ ಕಂಪನಿಯದು, ವೈಫೈ ಮೇಲೆ ಸ್ಪೀಕರ್‌ಗಳನ್ನು ಕೂಡಿಸುವ ಇವೆಲ್ಲ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲು ಎಲ್ಲರ ಕೈಗಡಿಯಾರಗಳನ್ನೂ ಹೊಂದಿಸಿ, ಆಮೇಲೆ "ಸರಿಯಾಗಿ ಹತ್ತು ಗಂಟೆಗೆ ಚಪ್ಪಾಳೆ ಹೊಡೆಯಿರಿ" ಅಂದ ಹಾಗೆ. ಹಾಡಿನ ಪ್ರತಿ ತುಣುಕಿನ ಮೇಲೂ ಯಾವ ಕ್ಷಣಕ್ಕೆ ನುಡಿಯಬೇಕು ಎಂಬ ಗುರುತಿರುತ್ತದೆ. ಸ್ಪೀಕರ್‌ಗಳು ಅದನ್ನು ಮೊದಲೇ ಪಡೆದು ಕೂಡಿಟ್ಟುಕೊಂಡು, ಆ ಕ್ಷಣ ಬಂದಾಗ ಒಟ್ಟಿಗೆ ನುಡಿಸುತ್ತವೆ.

ಕೂಡಿಟ್ಟುಕೊಳ್ಳುವ ಈ ಗುಣವೇ ಮೈಕ್ ಹಿಡಿದು ಮಾತಾಡುವವರಿಗೆ ಶತ್ರು. ತಾನು ಆಡಿದ ಮಾತು ಸುಮಾರು 200 ಮಿಲಿಸೆಕೆಂಡ್ ತಡವಾಗಿ ತನ್ನ ಕಿವಿಗೇ ಬಿದ್ದರೆ ಎಂಥವರ ನಾಲಿಗೆಯೂ ತೊಡರುತ್ತದೆ. ಮಾತು ನಿಧಾನವಾಗುತ್ತದೆ, ಅಕ್ಷರ ಎಳೆಯುತ್ತದೆ, ಉಗ್ಗು ಬರುತ್ತದೆ. ಇದು ಭಾಷಣ ಮಾಡುವವರ ಅಳುಕಲ್ಲ, ಮಿದುಳು ಕೆಲಸ ಮಾಡುವ ರೀತಿ. ಬ್ಲೂಟೂತ್ ಸ್ಪೀಕರಿಗೆ ಮೈಕ್ ಮಾತನ್ನು ಬ್ಲೂಟೂತ್ ಮೂಲಕವೇ ಕಳಿಸಿ ಕಾರ್ಯಕ್ರಮ ನಡೆಸಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಭಾಷಣ, ಹಾಡುಗಾರಿಕೆ, ವ್ಯಾಯಾಮದ ತರಗತಿ ಏನೇ ಇರಲಿ, ನೇರ ಮೈಕ್ ಇದ್ದರೆ ಅದಕ್ಕೆಂದೇ ಮಾಡಿದ ಟ್ರಾನ್ಸ್‌ಮಿಟರ್, ರಿಸೀವರ್ ತನ್ನಿ. ಮೈಕ್, ಹಾಡು ಎಲ್ಲ ಬಂದು ಸೇರುವ ಮಿಕ್ಸರಿಗೆ ದನಿ ಕಳಿಸುವ ಒಂದು ಟ್ರಾನ್ಸ್‌ಮಿಟರ್, ಪ್ರತಿ ಸ್ಪೀಕರಿನ ಹಿಂದೆ ಅದನ್ನು ಪಡೆಯುವ ಒಂದೊಂದು ರಿಸೀವರ್. ತಡ ಕೆಲವೇ ಮಿಲಿಸೆಕೆಂಡ್ ಇರುವಂಥದ್ದು ಸಿಗುತ್ತದೆ. ಅದೂ ಆಗದಿದ್ದರೆ ವೈರ್ ಎಳೆಯಿರಿ. ವೈರ್ ಎಳೆಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಸ್ಪೀಕರ್ ತಂದ ಮೇಲೆ ಗೋಡೆಗೆ ಹಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಎರಡು ಸ್ಪೀಕರ್‌ಗಳನ್ನು ಪಕ್ಕಪಕ್ಕ ಇಟ್ಟು, ಸೆಕೆಂಡಿಗೊಂದು ಟಕ್ ಎನ್ನುವ ಮೆಟ್ರೋನೋಮ್ ಹಾಕಿ. ಸುಮ್ನೆ ಕಿವಿಗೊಡಿ. ಎರಡೂ ಸರಿಯಾಗಿ ಕೂಡಿದ್ದರೆ ಗಟ್ಟಿಯಾದ ಒಂದೇ ಟಕ್. ಕೆಲವು ಮಿಲಿಸೆಕೆಂಡ್ ಹಿಂದೆ ಮುಂದೆ ಇದ್ದರೆ ಆ ಟಕ್ ಟೊಳ್ಳಾಗಿ, ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಇನ್ನೂ ಹೆಚ್ಚಾದರೆ ಟಕ್ ಹೋಗಿ ಟಟಕ್ ಆಗುತ್ತದೆ. ಕಿವಿಯ ಮೇಲೆ ಅನುಮಾನವಿದ್ದರೆ ಎರಡಕ್ಕೂ ಸಮ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಹಿಗ್ಗಿಸಿ ನೋಡಿ. ಪ್ರತಿ ಟಕ್‌ಗೆ ಒಂದೇ ಮುಳ್ಳು ಇದೆಯೋ, ಎರಡಿದೆಯೋ, ನಡುವಿನ ಅಂತರ ಎಷ್ಟು, ಎಲ್ಲ ಪರದೆಯ ಮೇಲೇ ಇರುತ್ತದೆ. ಅರ್ಧ ಗಂಟೆ ಹಾಡು ನುಡಿಸಿ ಮತ್ತೆ ಪರೀಕ್ಷಿಸಿ. ಶುರುವಿನಲ್ಲಿ ಕೂಡಿಕೊಂಡಿದ್ದು ಆಮೇಲೆ ಜಾರುವುದುಂಟು. ಕೆಲವು ಆಪ್‌ಗಳಲ್ಲಿ ಒಂದೊಂದು ಸ್ಪೀಕರಿನ ತಡವನ್ನು ತಿದ್ದುವ ಅವಕಾಶ ಇದೆ, ಇದ್ದರೆ ಬಳಸಿ.

ಈಗ ಜಾಗದ ವಿಷಯ. 60 ಅಡಿ ಉದ್ದ, 30 ಅಡಿ ಅಗಲದ ಹಾಲ್ ಇಟ್ಟುಕೊಳ್ಳೋಣ. ಮಾತಿನ ಹಿಂದೆ ಮೆಲ್ಲಗೆ ಹಾಡು ಇರಲಿ ಅಂದರೆ, ಉದ್ದದ ಎರಡೂ ಗೋಡೆಗಳಿಗೆ ಎರಡೆರಡು ಸ್ಪೀಕರ್, ಪ್ರತಿ ತುದಿಯಿಂದ 15 ಅಡಿಗೆ ಒಂದು. ಎದುರಿನ ಗೋಡೆಯದ್ದು 30 ಅಡಿ ದೂರ, ತಡ 27 ಮಿಲಿಸೆಕೆಂಡ್, ಕಿವಿ ಬೆಸೆದುಕೊಳ್ಳುತ್ತದೆ. ಆಚೆ ತುದಿಯದ್ದು ತಡವಾದರೂ ತೊಂದರೆ ಕೊಡುವುದು ಕಡಿಮೆ. 10 ಅಡಿ ದೂರದ ಸ್ಪೀಕರಿಗಿಂತ 45 ಅಡಿ ದೂರದ ಸ್ಪೀಕರಿನ ನೇರ ದನಿ ಸುಮಾರು 13 ಡೆಸಿಬೆಲ್ ಕೆಳಗಿರುತ್ತದೆ, ಹತ್ತಿರದ್ದು ಅದನ್ನು ಮರೆಸುತ್ತದೆ. ಇದು ನಡೆಯುವುದು ಪ್ರತಿಯೊಂದರ ವಾಲ್ಯೂಮೂ ಹದದಲ್ಲಿದ್ದಾಗ ಮಾತ್ರ.

ಭಾಷಣಕ್ಕೆ ಈ ಜೋಡಣೆ ಬೇಡ. ವೇದಿಕೆಯ ಎರಡು ಬದಿಗೆ ಒಂದೊಂದು, ಹಾಲಿನ ಅರ್ಧದಲ್ಲಿ ಎರಡು ಗೋಡೆಗೆ ಒಂದೊಂದು. ನಡುವಿನ ಎರಡೂ ಮುಂದಿನವುಗಳ ಹಾಗೆಯೇ ಹಿಂಬದಿಗೆ ಮುಖ ಮಾಡಿರಬೇಕು. ನಡುವಿನವಕ್ಕೆ ಮಿಕ್ಸರಿನಲ್ಲಿ ಬೇಕೆಂದೇ ತಡ ಕೊಡಬೇಕು. 30 ಅಡಿಗೆ 27 ಮಿಲಿಸೆಕೆಂಡ್, ಮೇಲೆ ಇನ್ನೊಂದು 10. ಆಗ ಹಿಂದಿನವರಿಗೆ ಮುಂದಿನ ದನಿ ಮೊದಲು ಮುಟ್ಟುತ್ತದೆ, ಬೆನ್ನಿಗೇ ನಡುವಿನದು ಸೇರಿ ಅದನ್ನು ಗಟ್ಟಿಮಾಡುತ್ತದೆ. ಪಕ್ಕದ ಗೋಡೆ ಮಾತಾಡುತ್ತಿದೆ ಅನಿಸದೆ ವೇದಿಕೆಯ ಮೇಲಿರುವವರೇ ಮಾತಾಡುತ್ತಿದ್ದಾರೆ ಅನಿಸುತ್ತದೆ. ಇದು ಸರಿಯಾಗಿ ಕೂತ ಹಾಲಿನಲ್ಲಿ ಕೊನೆಯ ಸಾಲಿನವರ ಮುಖ ವೇದಿಕೆಯ ಕಡೆಗೇ ಇರುತ್ತದೆ. ನನಗೆ ಈ ಕೆಲಸದಲ್ಲಿ ತುಂಬ ಖುಷಿ ಕೊಡುವ ನೋಟ ಅದು.

ಎತ್ತರ ಏಳು ಅಡಿಯ ಆಸುಪಾಸು ಇರಲಿ, ಮುಖ ಸ್ವಲ್ಪ ಕೆಳಕ್ಕೆ ಬಾಗಿರಲಿ. ನೆಲದ ಮೇಲಿಟ್ಟರೆ ಮುಂದಿನ ಸಾಲಿನವರ ಮೈ, ಬಟ್ಟೆ ತೀಕ್ಷ್ಣ ಸ್ವರಗಳನ್ನು ನುಂಗಿಬಿಡುತ್ತವೆ. ಮಾತಿನ ಸ್ಪಷ್ಟತೆ ಇರುವುದೇ ಅವುಗಳಲ್ಲಿ. ಕೋಣೆಯ ಮೂಲೆಗೆ ತಳ್ಳಿದರೆ ಬಾಸ್ ಊದಿಕೊಂಡು ಮಾತು ಮಂಕಾಗುತ್ತದೆ. ಎತ್ತರಕ್ಕೆ ಇನ್ನೊಂದು ಕಾರಣವೂ ಇದೆ. ಬ್ಲೂಟೂತ್ ಮತ್ತು ಬಹಳಷ್ಟು ವೈಫೈ ನಡೆಯುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರಿನಂಶ ತುಂಬಿದ ನಮ್ಮ ಮೈ ಹೀರಿಕೊಳ್ಳುತ್ತದೆ. ಖಾಲಿ ಹಾಲಿನಲ್ಲಿ ಚೆನ್ನಾಗಿ ನಡೆದದ್ದು ಜನ ತುಂಬಿದ ಮೇಲೆ ತುಂಡು ತುಂಡಾಗುವುದು ಹೀಗೆ. ಕಳಿಸುವ ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಬೇಡಿ, ಅದನ್ನೂ ತಲೆಗಿಂತ ಎತ್ತರದ ಜಾಗದಲ್ಲಿಡಿ.

ಎಲ್ಲವನ್ನೂ ಮೋನೋಗೆ ಹಾಕಿ, ಅಂದರೆ ಎಡ ಬಲ ಅನ್ನದೆ ಎಲ್ಲ ಸ್ಪೀಕರಿಗೂ ಒಂದೇ ದನಿ. ಸ್ಟೀರಿಯೊ ಚೆನ್ನಾಗಿರುವುದು ಎರಡು ಸ್ಪೀಕರಿನ ನಡುವೆ ಕೂತವರಿಗೆ. ದೊಡ್ಡ ಹಾಲಿನಲ್ಲಿ ಎಡಗಡೆ ಕೂತವರಿಗೆ ಎಡದ ವಾದ್ಯ ಮಾತ್ರ ಕೇಳಿ ಬಲದ್ದು ಕಾಣೆಯಾಗುತ್ತದೆ. ಸ್ಪೀಕರಿನಲ್ಲಿ ಆಯ್ಕೆ ಇಲ್ಲದಿದ್ದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೊ ಇರುತ್ತದೆ.

ಕೋಣೆಯೇ ಗುಂಯ್‌ಗುಟ್ಟುತ್ತಿದ್ದರೆ ಸ್ಪೀಕರ್ ಬದಲಿಸಿ ಪ್ರಯೋಜನವಿಲ್ಲ. ಹಾರ್ವರ್ಡ್‌ನ ವ್ಯಾಲೇಸ್ ಸೆಬೈನ್ 1895ರಲ್ಲಿ ಅಲ್ಲಿನ ಫಾಗ್ ಕಲಾ ಮ್ಯೂಸಿಯಮ್ಮಿನ ಉಪನ್ಯಾಸದ ಹಾಲಿನಲ್ಲಿ ಇದೇ ಕಷ್ಟ ಬಿಡಿಸಲು ಕೂತರು. ಅಲ್ಲಿ ಆಡಿದ ಮಾತು ಅಡಗಲು ಸುಮಾರು 5.5 ಸೆಕೆಂಡ್ ಹಿಡಿಯುತ್ತಿತ್ತು. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತಂದು, ರಾತ್ರಿ ಹೊತ್ತು ಒಂದೊಂದಾಗಿ ಸೇರಿಸುತ್ತಾ ಅಳೆದರು. ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಗುಂಯ್ ಕಡಿಮೆ ಎಂಬುದಕ್ಕೆ ಸೂತ್ರ ಸಿಕ್ಕಿದ್ದು ಆ ಕೆಲಸದಿಂದ. ನಾವು ಮಾಡಬೇಕಾದ್ದೂ ಅದೇ: ದಪ್ಪ ಪರದೆ, ಕಾರ್ಪೆಟ್, ಮೆತ್ತೆಯ ಕುರ್ಚಿ. ಜನರೂ ಸದ್ದನ್ನು ಹೀರುತ್ತಾರೆ, ಹಾಗಾಗಿ ಖಾಲಿ ಹಾಲಿನಲ್ಲಿ ಕೇಳಿ ಗಾಬರಿಯಾಗುವುದು ಬೇಡ.

ವೈಫೈ ಆದರೆ ರೂಟರ್ ಅದೇ ಹಾಲಿನಲ್ಲಿರಲಿ, ಕಬ್ಬಿಣದ ಕಪಾಟಿನ ಹಿಂದೆ ಬೇಡ. ಸ್ಪೀಕರಿಗೆ 5 ಗಿಗಾಹರ್ಟ್ಸ್ ಹಿಡಿಯುತ್ತದೆ ಅಂದರೆ ಅದನ್ನೇ ಕೊಡಿ. ಇಲ್ಲದಿದ್ದರೆ 2.4ರಲ್ಲಿ 1, 6, 11ನೇ ಚಾನೆಲ್‌ಗಳಲ್ಲಿ ಯಾವುದು ಖಾಲಿಯೋ ಅದು. ಬಂದವರ ಫೋನ್‌ಗಳಿಗೆ ಗೆಸ್ಟ್ ನೆಟ್‌ವರ್ಕ್ ಬಿಟ್ಟುಕೊಡಿ, ಸ್ಪೀಕರ್‌ಗಳನ್ನು ಮಾತ್ರ ಅದರಲ್ಲಿ ಹಾಕಬೇಡಿ. ಗೆಸ್ಟ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ಒಂದು ಸಾಧನ ಇನ್ನೊಂದಕ್ಕೆ ಕಾಣುವುದೇ ಇಲ್ಲ, ಗುಂಪು ಕಟ್ಟಲು ಆಗುವುದಿಲ್ಲ.

ವಾಲ್ಯೂಮ್ ಕೊನೆಗೆ. ಒಂದೊಂದನ್ನೇ ಹಚ್ಚಿ, ಅದರಿಂದ 10 ಅಡಿಗೆ ನಿಂತು, ನಾಲ್ಕನ್ನೂ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಎಲ್ಲ ಒಟ್ಟಿಗೆ ಹಚ್ಚಿ ಹಾಲಿನ ಉದ್ದಕ್ಕೂ ನಡೆಯಿರಿ. ಎರಡು ಸ್ಪೀಕರಿನ ನಡುವೆ ದಾಟುವಾಗ ಸದ್ದು ಬಿದ್ದು ಏಳುತ್ತಿದ್ದರೆ ಅಲ್ಲಿ ನಿಂತು ತಿದ್ದಿ. ಬ್ಯಾಟರಿಯ ಸ್ಪೀಕರ್ ಆದರೂ ಕಾರ್ಯಕ್ರಮದ ಹೊತ್ತಿಗೆ ಪ್ಲಗ್‌ಗೆ ಹಾಕಿಡಿ. ಹಾಡು ಕಳಿಸುವ ಫೋನಿಗೆ ಕರೆ ಬಾರದ ಹಾಗೆ ಏರೋಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಅಥವಾ ವೈಫೈ ಮಾತ್ರ ಹಚ್ಚಿ. ಸ್ಪೀಕರಿನ ಸಾಫ್ಟ್‌ವೇರ್ ಅಪ್‌ಡೇಟ್ ಏನಿದ್ದರೂ ಕೆಲವು ದಿನ ಮುಂಚೆಯೇ ನಾಲ್ಕಕ್ಕೂ ಒಟ್ಟಿಗೆ ಮಾಡಿ, ಮೆಟ್ರೋನೋಮ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಕೊಳ್ಳಿ.