“ಹೇಗೂ ಅರ್ಧ ಕತ್ತರಿಸ್ತಾರೆ” ಅನ್ನುವ ಲೆಕ್ಕ

ಅನುದಾನಕ್ಕೆ ಅರ್ಜಿ ಹಾಕುವ ಕಲಾತಂಡಗಳ ಜೊತೆ ಕೂತು ಲೆಕ್ಕ ನೋಡುವವರ ಕಿವಿಗೆ ತಪ್ಪದೆ ಬೀಳುವ ಮಾತೊಂದಿದೆ: “ಹೇಗೂ ಅರ್ಧ ಕತ್ತರಿಸ್ತಾರೆ ಸಾರ್, ಎರಡು ಪಟ್ಟು ಹಾಕಿಬಿಡೋಣ.” ಯೋಜನೆಯ ಉದ್ದೇಶ, ಕಲಾವಿದರ ಪರಿಚಯ, ಪ್ರೇಕ್ಷಕರು ಯಾರು ಎಂಬುದನ್ನೆಲ್ಲ ತಂಡಗಳು ಚೆನ್ನಾಗಿಯೇ ಬರೆಯುತ್ತವೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅಂದಾಜು ವೆಚ್ಚದ ಆ ಒಂದು ಪುಟದ ಮೇಲೆ. ಅದನ್ನು ಚೌಕಾಸಿಯ ಮೊದಲ ಬೆಲೆ ಅಂದುಕೊಂಡವರು ಆಮೇಲೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಮಂಜೂರಾದ ಮೊತ್ತ ಎಂದರೆ ಕೈಗೆ ಬಂದೇ ಬರುವ ಮೊತ್ತವಲ್ಲ, ಬರಬಹುದಾದ ಗರಿಷ್ಠ ಮೊತ್ತ. ಅನುದಾನ ಕೊಡುವ ಅನೇಕ ನಿಧಿಗಳು ಯೋಜನೆಯ ಒಟ್ಟು ವೆಚ್ಚದಲ್ಲಿ ಶೇಕಡಾ ಇಂತಿಷ್ಟು ಪಾಲನ್ನು ಕೊಡುತ್ತವೆ. ಆ ಪಾಲು ಎಷ್ಟೆಂದು ತೀರ್ಮಾನವಾಗುವುದು ನೀವು ಅರ್ಜಿಯಲ್ಲಿ ಬರೆದ ವೆಚ್ಚದ ಮೇಲೆ. ಕೊನೆಯ ಕಂತಿನ ಹೊತ್ತಿಗೆ ಅದೇ ಪಾಲನ್ನು ಲೆಕ್ಕ ಹಾಕುವುದು ನೀವು ಬಿಲ್ಲು ತೋರಿಸಿದ ವೆಚ್ಚದ ಮೇಲೆ. ಈ ಎರಡು ವೆಚ್ಚಗಳ ನಡುವಿನ ಅಂತರವೇ ತಂಡವನ್ನು ಮುಳುಗಿಸುತ್ತದೆ.

ಉದಾಹರಣೆಗೆ, ನಿಜವಾಗಿ ಬೇಕಿರುವುದು 1,20,000 ಎಂದಿಟ್ಟುಕೊಳ್ಳಿ. ತಂಡ 2,40,000 ಎಂದು ಬರೆಯುತ್ತದೆ. ಅದರಲ್ಲಿ ನಿಧಿಯಿಂದ ಕೇಳಿದ್ದು 1,80,000, ಸ್ವಂತ ಪಾಲು 60,000. ನಿಧಿಯ ಸಮಿತಿ ಅರ್ಧ ಕತ್ತರಿಸಿ 90,000 ಮಂಜೂರು ಮಾಡುತ್ತದೆ. ತಂಡಕ್ಕೆ ಖುಷಿಯೋ ಖುಷಿ, ಅಂದುಕೊಂಡಂತೆಯೇ ಆಯಿತಲ್ಲ! ಆದರೆ ಮಂಜೂರಾತಿ ಪತ್ರದಲ್ಲಿ ಯೋಜನಾ ವೆಚ್ಚ ಇನ್ನೂ 2,40,000 ಎಂದೇ ಇದೆ. ಅಂದರೆ ನಿಧಿಯ ಪಾಲು ಶೇ. 37.5ಕ್ಕೆ ಇಳಿಯಿತು. ಕಾರ್ಯಕ್ರಮ ಮುಗಿದಾಗ ಇರುವ ಬಿಲ್ಲುಗಳು 1,20,000ಕ್ಕೆ ಮಾತ್ರ. ಅದರ ಶೇ. 37.5 ಎಂದರೆ 45,000. ಮೊದಲ ಕಂತಾಗಿ ಶೇ. 60, ಅಂದರೆ 54,000 ಆಗಲೇ ಬಂದಿದ್ದರೆ, ಎರಡನೇ ಕಂತು ಬರುವುದಿರಲಿ, 9,000 ವಾಪಸ್ ಕಟ್ಟಬೇಕು. 90,000 ಬರುತ್ತದೆಂದು ನಂಬಿ ಕಲಾವಿದರಿಗೆ ಮಾತು ಕೊಟ್ಟಾಗಿರುತ್ತದೆ. ಆ ಕೊರತೆಯನ್ನು ತುಂಬುವವರು ಯಾರು?

ಎಲ್ಲ ನಿಧಿಗಳೂ ಹೀಗೆಯೇ ಲೆಕ್ಕ ಹಾಕುತ್ತವೆ ಎನ್ನುವಂತಿಲ್ಲ. ಕೆಲವು ಇಡಿಗಂಟು ಕೊಡುತ್ತವೆ, ಕೆಲವು ಬಾಬ್ತುವಾರು, ಅಂದರೆ ಒಂದೊಂದು ಖರ್ಚಿಗೆ ಇಂತಿಷ್ಟು ಎಂದು ಕೊಡುತ್ತವೆ. ನಿಮ್ಮದು ಯಾವುದು ಎಂಬುದು ಮಂಜೂರಾತಿ ಪತ್ರದ ಷರತ್ತುಗಳಲ್ಲಿರುತ್ತದೆ. ಹೆಚ್ಚಿನವರು ಓದುವುದು ಮೊದಲ ಪುಟದ ಮೊತ್ತವನ್ನಷ್ಟೇ.

“ಬಿಲ್ಲು ತಾನೇ, ಹೊಂದಿಸಿದರಾಯಿತು” ಎನ್ನುವ ಮಾತೂ ಬರುತ್ತದೆ. ದಯವಿಟ್ಟು ಬೇಡ. ಲೆಕ್ಕಪರಿಶೋಧಕರು ವೋಚರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ಒಂದೇ ಅಂಗಡಿಯ, ಮೂರು ತಿಂಗಳ ಅಂತರದ ಎರಡು ಬಿಲ್ಲುಗಳಿಗೆ 41, 42 ಎಂಬ ಬೆನ್ನುಬೆನ್ನಿನ ಸಂಖ್ಯೆ. ಹನ್ನೆರಡು ಕಲಾವಿದರ ಸಂಭಾವನೆ ರಸೀದಿಗಳಲ್ಲಿ ಒಂದೇ ಪೆನ್ನಿನ ಒಂದೇ ಓರೆ ಸಹಿ. ಪ್ರದರ್ಶನದ ಮರುವಾರದ ತಾರೀಖಿನ ವೇಷಭೂಷಣ ಬಾಡಿಗೆ. ಸಿಕ್ಕಿಬಿದ್ದರೆ ಆ ಒಂದು ಬಾಬ್ತು ಹೋಗುವುದಲ್ಲದೆ ಮುಂದಿನ ವರ್ಷದ ಅರ್ಜಿಯೂ ಹೋದಂತೆಯೇ.

ಹಾಗೆ ನೋಡಿದರೆ, ಉಬ್ಬಿಸಿದ ಅಂದಾಜನ್ನು ಗುರುತಿಸುವುದೂ ಕಷ್ಟವಲ್ಲ. “ಧ್ವನಿ–ಬೆಳಕು: 60,000” ಎಂಬ ಒಂಟಿ ಸಾಲನ್ನು ಕಂಡರೆ ಸಮಿತಿಯವರ ಕೈ ತಾನಾಗಿಯೇ ಕತ್ತರಿಯ ಕಡೆ ಹೋಗುತ್ತದೆ. ಅದನ್ನೇ “ಧ್ವನಿವರ್ಧಕ 2 ದಿನ × 7,000, ಬೆಳಕಿನ ಉಪಕರಣ 2 ದಿನ × 9,000, ಸಾಗಣೆ ಹೋಗಿಬರಲು 2 × 1,500, ಒಟ್ಟು 35,000” ಎಂದು ಬರೆದು, ಬಾಡಿಗೆ ಕೊಡುವವರಿಂದ ಪಡೆದ ದರಪಟ್ಟಿ ಲಗತ್ತಿಸಿದರೆ ಕತ್ತರಿಸಲು ಕಾರಣ ಬೇಕಾಗುತ್ತದೆ. ಎರಡು ದರಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ವಿಚಿತ್ರವೆಂದರೆ, ಶಾಮಿಯಾನವನ್ನು ದುಪ್ಪಟ್ಟು ಮಾಡುವ ಇದೇ ಜನ ತಮ್ಮ ಸಂಭಾವನೆಯ ಸಾಲಿನಲ್ಲಿ ಸೊನ್ನೆ ಬರೆದಿರುತ್ತಾರೆ. ಕೇಳಿದರೆ, “ನಮಗ್ಯಾಕೆ ಸಾರ್, ಪ್ರೀತಿಗೆ ಮಾಡೋದು.” ಪ್ರೀತಿಗೇ ಮಾಡಿ, ಆದರೆ ಸಾಲು ಖಾಲಿ ಬಿಡಬೇಡಿ. ಬಿಟ್ಟಿ ದುಡಿಮೆಯನ್ನು ಸ್ವಂತ ಪಾಲಾಗಿ ಒಪ್ಪುವ ನಿಧಿಗಳಿವೆ, ಹಲವು ಕಡೆ ಅದಕ್ಕೊಂದು ಮಿತಿ ಇರುತ್ತದೆ. ಒಪ್ಪಬೇಕಾದರೆ ಪುಸ್ತಕ ಬೇಕು: ತಾರೀಖು, ಹೆಸರು, ಕೆಲಸ, ಎಷ್ಟು ಗಂಟೆ, ಸಹಿ. ಅದೇ ಕೆಲಸಕ್ಕೆ ಹೊರಗಿನವರನ್ನು ಕರೆಸಿದ್ದರೆ ಎಷ್ಟು ಕೊಡುತ್ತಿದ್ದಿರೋ ಅದೇ ದರ. ಕಾರ್ಯಕ್ರಮ ಮುಗಿದ ಮೇಲೆ ನೆನಪಿನಿಂದ ತುಂಬಿದ ಪುಸ್ತಕ ನೋಡಿದೊಡನೆ ಗೊತ್ತಾಗುತ್ತದೆ. ಎಲ್ಲ ದಿನವೂ ಎಲ್ಲರೂ ಸರಿಯಾಗಿ ನಾಲ್ಕೇ ಗಂಟೆ ದುಡಿದಿರುತ್ತಾರೆ!

ಕತ್ತರಿಸುತ್ತಾರೆ ಎಂಬ ಭಯ ಸುಳ್ಳಲ್ಲ, ನಿಜವಾಗಿಯೂ ಕತ್ತರಿಸುತ್ತಾರೆ. ಅದಕ್ಕೆ ಮದ್ದು ಅರ್ಜಿಯಲ್ಲೇ ಎರಡನೇ ಲೆಕ್ಕ ಕೊಡುವುದು. “ಪೂರ್ಣ ಮೊತ್ತ ಬಂದರೆ ಆರು ಪ್ರದರ್ಶನ. ಮುಕ್ಕಾಲು ಪಾಲು ಬಂದರೆ ನಾಲ್ಕು. ಅದಕ್ಕೂ ಕಡಿಮೆಯಾದರೆ ಮಾಡಲಾಗದು. ತಾಲೀಮಿನ ಖರ್ಚು ಎರಡಕ್ಕೂ ಒಂದೇ.” ನಮೂನೆಯಲ್ಲಿ ಜಾಗವಿಲ್ಲದಿದ್ದರೆ ಟಿಪ್ಪಣಿಯಾಗಿ ಸೇರಿಸಿ. ಅನಿರೀಕ್ಷಿತ ವೆಚ್ಚಕ್ಕೆ ಶೇ. 5ರಿಂದ 10 ಇಟ್ಟುಕೊಳ್ಳುವುದನ್ನು ನಿಧಿಯ ನಿಯಮ ಒಪ್ಪುವುದಾದರೆ ಅದನ್ನು ಅದೇ ಹೆಸರಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಶಾಮಿಯಾನದೊಳಗೆ ಬಚ್ಚಿಡಬೇಡಿ.

ಕಡಿಮೆ ಮೊತ್ತ ಮಂಜೂರಾದ ದಿನ ಮಾಡಬೇಕಾದ ಕೆಲಸ, ಪರಿಷ್ಕೃತ ಅಂದಾಜು ಕಳಿಸುವುದು. ಒಟ್ಟು ವೆಚ್ಚ, ಸ್ವಂತ ಪಾಲು, ಪ್ರದರ್ಶನಗಳ ಸಂಖ್ಯೆ ಮೂರೂ ಇಳಿಯಬೇಕು. ಹಣವನ್ನು ಮಾತ್ರ ಇಳಿಸಿ ಆರು ಪ್ರದರ್ಶನ ಹಾಗೇ ಬಿಟ್ಟರೆ ಆರಕ್ಕೂ ನೀವೇ ಹೊಣೆ. ಒಪ್ಪಿಗೆ ಫೋನಿನಲ್ಲಿ ಸಿಕ್ಕರೆ ಸಾಲದು, ಬರಹದಲ್ಲಿ ಬರಬೇಕು. ಆ ಕಾಗದ ಬಂದ ಮೇಲೆ ಷರತ್ತು ಪತ್ರಕ್ಕೆ ಸಹಿ ಹಾಕಿ. ಮುಂಗಡ ಕೊಡುವುದು ಅದಕ್ಕೂ ಆಮೇಲೆ, ಏಕೆಂದರೆ ಯೋಜನೆ ಶುರುವಾಗುವ ತಾರೀಖಿಗೆ ಮುಂಚಿನ ಬಿಲ್ಲುಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.