ಘಾಟಿಯಲ್ಲಿ ದಮ್ಮು ಕಟ್ಟುವ ಕಾರು, ಹೊಟ್ಟೆಯಡಿಯ ಕನ್ವರ್ಟರ್ ಡಬ್ಬಿ

ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ಏನೂ ಗೊತ್ತಾಗುವುದಿಲ್ಲ, ಕಾರು ಅರವತ್ತರಲ್ಲಿ ಸಲೀಸಾಗಿ ಹೋಗುತ್ತದೆ. ಉಡುಪಿ ಕಡೆಯಿಂದ ವಾಪಸ್ ಬರುವಾಗ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಶುರುವಾದಾಗ ಬಣ್ಣ ಬಯಲಾಗುತ್ತದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಂಜಿನ್ 3000 ಆರ್‌ಪಿಎಂ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ. ಪ್ಲಗ್, ಏರ್ ಫಿಲ್ಟರ್, ಫ್ಯುಯಲ್ ಪಂಪ್ ಎಲ್ಲ ನೋಡಿಯಾಗಿದ್ದರೆ ಇನ್ನು ಬಾಲದ ಕಡೆ ನೋಡಬೇಕು. ಎಂಜಿನ್ನಿಗೆ ಉಸಿರು ಎಳೆದುಕೊಳ್ಳುವ ತೊಂದರೆಯಿಲ್ಲ, ಬಿಡುವ ತೊಂದರೆ.

ಹೊಗೆ ಹೊರಹೋಗುವ ಕೊಳವೆಯಲ್ಲಿ, ಹೊಗೆಯ ವಿಷ ತಗ್ಗಿಸಲು ಕೂರಿಸಿರುವ ಡಬ್ಬಿಯೇ ಕ್ಯಾಟಲಿಟಿಕ್ ಕನ್ವರ್ಟರ್; ಅದು ಕಟ್ಟಿಕೊಂಡರೆ ಹೊಗೆಗೆ ದಾರಿಯಿಲ್ಲ. ಅದರ ಒಳಗೆ ಜೇನುತಟ್ಟಿಯಂಥ ಒಂದು ಸೆರಾಮಿಕ್ ತುಂಡು ಇರುತ್ತದೆ. ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400 ಅಥವಾ ಅದಕ್ಕೂ ಹೆಚ್ಚು ತೂತು, ಗೋಡೆಗಳು ಕಾಗದಕ್ಕಿಂತ ತುಸು ದಪ್ಪ. ಆ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿರುತ್ತಾರೆ. ಸುಮಾರು 250ರಿಂದ 300 ಡಿಗ್ರಿ ಕಾದ ಮೇಲೆ ಕೆಲಸ ಶುರು: ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಪೆಟ್ರೋಲ್ ಆವಿ ಅಲ್ಲಿ ಉರಿದುಹೋಗುತ್ತವೆ, ನೈಟ್ರೋಜನ್ ಆಕ್ಸೈಡ್‌ಗಳು ಒಡೆದು ಬರೀ ನೈಟ್ರೋಜನ್ ಆಗುತ್ತವೆ. ಮೂರೂ ಒಟ್ಟಿಗೆ ಆಗಬೇಕಾದರೆ ಗಾಳಿ-ಪೆಟ್ರೋಲ್ ಪ್ರಮಾಣ ತೂಕದಲ್ಲಿ 14.7ಕ್ಕೆ 1ರ ಹತ್ತಿರವೇ ಇರಬೇಕು. ಅದಕ್ಕೇ ಕನ್ವರ್ಟರಿಗೆ ಮುಂಚೆ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಒಂದು ಆಕ್ಸಿಜನ್ ಸೆನ್ಸರ್. ಕೆಲಸ ಆಯಿತೋ ಇಲ್ಲವೋ ಅಂತ ನೋಡಲು ಆಮೇಲೊಂದು.

'ಅಣ್ಣಾ, ಅದನ್ನ ತೆಗೆದುಹಾಕಿ, ಪಿಕಪ್ ಬರುತ್ತಂತೆ' ಅನ್ನುವ ಬೇಡಿಕೆ ಗ್ಯಾರೇಜುಗಳಿಗೆ ಹೊಸದಲ್ಲ. ತೆಗೆಸಿದವರಿಗೆ ಪಿಕಪ್ ಬಂದಿದ್ದೂ ಸುಳ್ಳಲ್ಲ. ಆದರೆ ತೆಗೆದದ್ದು ಕಟ್ಟಿಹೋದ ಕನ್ವರ್ಟರ್. ಆ ಜಾಗಕ್ಕೆ ಒಳ್ಳೆಯದೊಂದು ಹಾಕಿದ್ದರೂ ಅಷ್ಟೇ ಪಿಕಪ್ ಬರುತ್ತಿತ್ತು. ಆರೋಗ್ಯವಾಗಿರುವ ಕಂಪನಿ ಕನ್ವರ್ಟರ್ ತೆಗೆದರೆ 1.2 ಲೀಟರ್ ಎಂಜಿನ್ನಿಗೆ ಸಿಗುವುದು ಡ್ರೈವರನ ಕಾಲಿಗೆ ಗೊತ್ತಾಗದಷ್ಟು. ಬದಲಿಗೆ ಬರುವುದು ಸದ್ದು, ಕಣ್ಣುರಿ ಹೊಗೆ, ಹಿಂದಿನ ಸೆನ್ಸರ್‌ನಿಂದಾಗಿ ಆರದೆ ಉರಿಯುವ ಚೆಕ್ ಲೈಟ್. ಬಿಎಸ್4 (ಭಾರತ್ ಸ್ಟೇಜ್ ಹೊಗೆ ನಿಯಮದ ನಾಲ್ಕನೇ ಹಂತ) ಮತ್ತು ಆಮೇಲಿನ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆಯಲ್ಲಿ ಐಡ್ಲಿಂಗ್ ಮಿತಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.3, ಹೈಡ್ರೋಕಾರ್ಬನ್ 200 ಪಿಪಿಎಂ. ಕನ್ವರ್ಟರ್ ಇಲ್ಲದೆ ಅದರೊಳಗೆ ಬರುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 190(2)ರಡಿ ದಂಡ 10,000 ರೂಪಾಯಿವರೆಗೂ ಇದೆ.

ಇನ್ನು ಕೆಲವರು ಡಬ್ಬಿ ಹಾಗೇ ಬಿಟ್ಟು ಒಳಗಿನದನ್ನು ಕಂಬಿಯಲ್ಲಿ ಚುಚ್ಚಿ ಉದುರಿಸುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟ ಕೆಲಸ. ಉಳಿದ ಚೂರು ಸೈಲೆನ್ಸರ್ ಬಾಯಿಗೆ ಹೋಗಿ ಕೂತು ಮತ್ತೆ ಕಟ್ಟುತ್ತದೆ, ಆ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ ಪಿ0420 ಎಂಬ ದೋಷದ ಕೋಡ್ ಬಂದ ಕೂಡಲೇ ಕನ್ವರ್ಟರ್ ಆರ್ಡರ್ ಮಾಡಬೇಡಿ. ಆ ಕೋಡ್ ಹೇಳುವುದು 'ಎರಡು ಸೆನ್ಸರ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ' ಅಂತ, ಅಷ್ಟೇ. ಮೊದಲು ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಜಾಯಿಂಟ್‌ಗಳಲ್ಲಿ ಸೋರಿಕೆ ನೋಡಿ. ಸಣ್ಣ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಎಳೆದರೂ ಸೆನ್ಸರ್ ಮೋಸಹೋಗುತ್ತದೆ. ವೈರಿಂಗ್ ಸಹ ನೋಡಿ. ಅಡಿಕೆ ಅಟ್ಟದ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ಸೆನ್ಸರ್ ವೈರ್ ಮಾಮೂಲು. ಇವೆರಡೂ ಸರಿಯಿದ್ದರೆ ಎಂಜಿನ್ ಚೆನ್ನಾಗಿ ಕಾಯಿಸಿ 2500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಆ ಕ್ಷಣದ ಸೆನ್ಸರ್ ಅಳತೆ) ತೆಗೆಯಿರಿ. ಸಾಮಾನ್ಯ ನಮೂನೆಯ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಪಟಪಟ ಏರಿಳಿಯಬೇಕು, ಹಿಂದಿನದು 0.6-0.7ರಲ್ಲಿ ಸುಮ್ಮನೆ ನಿಂತಿರಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯುತ್ತಿದ್ದರೆ ಆಗ ಕನ್ವರ್ಟರ್ ಸತ್ತಿದೆ ಅನ್ನಬಹುದು.

ಸತ್ತಿರುವುದು ಬೇರೆ, ಕಟ್ಟಿರುವುದು ಬೇರೆ. ಸತ್ತ ಕನ್ವರ್ಟರಿನಲ್ಲಿ ಲೇಪ ಹೋಗಿರುತ್ತದೆ, ದಾರಿ ತೆರೆದೇ ಇರುತ್ತದೆ, ಪಿಕಪ್‌ಗೆ ಧಕ್ಕೆಯಿಲ್ಲ. ಕಟ್ಟಿದ್ದರ ಪರೀಕ್ಷೆಗೆ ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿ. ಐಡ್ಲಿಂಗಿನಲ್ಲಿ ಒಂದೂಕಾಲು ಪಿಎಸ್‌ಐ ಮೀರಬಾರದು, 2500 ಆರ್‌ಪಿಎಂಗೆ 3ರ ಒಳಗೇ ಇರಬೇಕು. ಸೆನ್ಸರ್ ಜಪ್ಪಯ್ಯ ಅಂದರೂ ಬಿಚ್ಚದಿದ್ದರೆ ಗಾಳಿ ಒಳಗೆ ಹೋಗುವ ಇನ್‌ಟೇಕಿಗೆ ವ್ಯಾಕ್ಯೂಮ್ ಗೇಜ್ ಹಾಕಿ 2500ರಲ್ಲಿ ಇಪ್ಪತ್ತು ಸೆಕೆಂಡ್ ಹಿಡಿಯಿರಿ. ಮುಳ್ಳು ಒಮ್ಮೆ ಕುಸಿದು ಮೇಲೆ ಬಂದು ನಿಂತರೆ ಸರಿ. ನಿಧಾನಕ್ಕೆ ಇಳಿಯುತ್ತಲೇ ಹೋದರೆ ದಾರಿ ಕಟ್ಟಿದೆ. ಪುಸ್ತಕದಲ್ಲಿ ಐಡ್ಲಿಂಗಿಗೆ 17ರಿಂದ 21 ಇಂಚು (ಪಾದರಸದ ಅಳತೆ) ಅಂತಿರುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು ಒಂದಿಂಚು ಕಡಿಮೆಯಾಗುತ್ತದೆ, ಹಾಗಾಗಿ ಶಿವಮೊಗ್ಗದಲ್ಲಿ 15ರಿಂದ 19 ಬಂದರೆ ಗಾಬರಿ ಬೇಡ. ಇನ್ನೊಂದು ಸುಲಭದ ಉಪಾಯ: ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಡಬ್ಬಿಗೆ ಮೆಲ್ಲಗೆ ತಟ್ಟಿ. ಗೋಟಡಿಕೆ ಅಲ್ಲಾಡಿಸಿದ ಹಾಗೆ ಒಳಗೆ ಗಡಗಡ ಅಂದರೆ ಸೆರಾಮಿಕ್ ಒಡೆದಿದೆ. ಸದ್ದು ತೆಳು ತಗಡಿನದಾದರೆ ಅದು ಮೇಲಿನ ಹೀಟ್ ಶೀಲ್ಡ್. ಒಂದು ಕ್ಲಿಪ್ಪಿನಲ್ಲಿ ಮುಗಿಯುವ ಕೆಲಸ.

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಯಾರೋ ಕೊಂದಿರುತ್ತಾರೆ. ಒಂದನೇ ಆರೋಪಿ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಕಿಡಿ ತಪ್ಪುವುದು. ಒಂದು ಇಗ್ನಿಷನ್ ಕಾಯಿಲ್ ಕೈಕೊಟ್ಟರೆ ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ಬಂದು ಕನ್ವರ್ಟರಿನೊಳಗೆ ಉರಿಯುತ್ತದೆ, ಶಾಖ 1000 ಡಿಗ್ರಿ ದಾಟಿ ಮೊದಲು ಲೇಪ ಹಾಳಾಗುತ್ತದೆ, ಇನ್ನೂ ಏರಿದರೆ ಸೆರಾಮಿಕ್ಕೇ ಕರಗಿ ಗಟ್ಟಿಯಾಗುತ್ತದೆ. ಬಿಚ್ಚಿ ನೋಡಿದರೆ ತೂತುಗಳೇ ಇರುವುದಿಲ್ಲ, ಆಲೆಮನೆ ಬೆಲ್ಲದ ಕೊಪ್ಪರಿಗೆ ತಳ ಹಿಡಿದ ಹಾಗೆ ಹೊಳೆಯುವ ಕಪ್ಪು ಗಡ್ಡೆ. ಚೆಕ್ ಲೈಟ್ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸ ಇದೆ: ಮಿಣುಕಿದರೆ ಕನ್ವರ್ಟರ್ ಸುಡುತ್ತಿದೆ ಅಂತ ಅರ್ಥ, ಎಳೆದುಕೊಂಡು ಘಾಟಿ ಹತ್ತಿಸಬೇಡಿ, ನಿಲ್ಲಿಸಿ. ನಮ್ಮಲ್ಲಿ ಮನೆ ಮುಂದೆ ಇಳಿಜಾರು ಇರುವುದರಿಂದ ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವ ಅಭ್ಯಾಸ. ಒಂದೇಟಿಗೆ ಹಿಡಿದರೆ ಸರಿ, ಹತ್ತು ಸಲ ಜಗ್ಗಿದರೆ ಅಷ್ಟೂ ಪೆಟ್ರೋಲ್ ಹೋಗಿ ಅದೇ ಡಬ್ಬಿಯಲ್ಲಿ ಕೂರುತ್ತದೆ.

ಎರಡನೆಯದು ಆಯಿಲ್ ಕುಡಿಯುವ ಎಂಜಿನ್. ಆಯಿಲಿನ ರಂಜಕ, ಸತುವು ಲೇಪದ ಮೇಲೆ ಪದರ ಕಟ್ಟುತ್ತವೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಒಳಗೆ ಸೇರಿದರೂ ಇದೇ ಗತಿ. ಗ್ಯಾಸ್ಕೆಟಿಗೆ ಸಿಕ್ಕ ಸಿಲಿಕೋನ್ ಪೇಸ್ಟ್ ಬಳಿಯುವುದೂ ತಪ್ಪು; ಸೆನ್ಸರಿಗೆ ಹಾನಿಯಿಲ್ಲ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನೇ ತನ್ನಿ. ಮೂರನೆಯದು ನೀರು. ಕನ್ವರ್ಟರ್ ಎಂಜಿನ್ನಿಗೇ ಅಂಟಿಕೊಂಡಿರುವ ಹೊಸ ಕಾರುಗಳಲ್ಲಿ ಅಷ್ಟಿಲ್ಲ. ಹಳೆಯ ಕಾರುಗಳಲ್ಲಿ ಅದು ಹೊಟ್ಟೆಯಡಿ ಇರುತ್ತದೆ, ಘಾಟಿ ಹತ್ತಿ ಕೆಂಡವಾಗಿದ್ದಾಗ ಮೋರಿ ಮೇಲೆ ಹರಿಯುವ ನೀರಿಗೆ ಇಳಿಸಿದರೆ ಕಾದ ಕಾವಲಿಗೆ ತಣ್ಣೀರು ಸುರಿದಂತೆ, ಸೆರಾಮಿಕ್ ಚಟಕ್ಕನೆ ಬಿರುಕು ಬಿಡುತ್ತದೆ.

ಕೊಂದದ್ದು ಏನೆಂದು ನೋಡದೆ ಹೊಸದು ಹಾಕಿದರೆ ಅದೂ ಕೆಲವೇ ತಿಂಗಳಿನ ಮಾತು. ಅಗ್ಗದ ಕನ್ವರ್ಟರ್‌ಗಳಲ್ಲಿ ಲೋಹದ ಲೇಪ ತೆಳುವಿರುತ್ತದೆ, ಪಿಕಪ್ ಸರಿಹೋಗುತ್ತದೆ, ಆದರೆ ಪಿ0420 ಮತ್ತೆ ಬಂದು ಕೂರುತ್ತದೆ.

ಹಾಕುವಾಗ: ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ, ಮಲೆನಾಡಿನ ಮಳೆಯಲ್ಲಿ ಓಡಿದ ಕಾರಿನ ಸ್ಟಡ್ ಮುರಿಯದೆ ಬರುವುದು ಪುಣ್ಯ. ಗ್ಯಾಸ್ಕೆಟ್, ನಟ್ಟು ಹೊಸದೇ ಇರಲಿ. ಡಬ್ಬಿಯ ಮೇಲಿನ ಬಾಣ ಹೊಗೆ ಹೋಗುವ ದಿಕ್ಕಿಗಿರಬೇಕು. ಸೆನ್ಸರ್ 22 ಎಂಎಂ ಸಾಕೆಟ್ಟಿನಲ್ಲಿ, ಸುಮಾರು 40-45 ನ್ಯೂಟನ್ ಮೀಟರ್ ಬಿಗಿ; ಆಂಟಿ-ಸೀಜ್ ಗ್ರೀಸ್ ಥ್ರೆಡ್ಡಿಗೆ ಮಾತ್ರ, ತುದಿಗೆ ತಾಗಬಾರದು. ವೆಲ್ಡಿಂಗ್ ಇದ್ದರೆ ಬ್ಯಾಟರಿ ಬಿಚ್ಚಿ. ಆಮೇಲೆ ಕೋಡ್ ಅಳಿಸಿ, ಸಾಗರದವರೆಗೊಮ್ಮೆ ಓಡಿಸಿ, ಸ್ಕ್ಯಾನರ್ ಮತ್ತೆ ಹಾಕಿ ಎರಡೂ ಸೆನ್ಸರ್ ನೋಡಿ.

ಡೀಸೆಲ್ ಬಿಎಸ್6 ಕಾರುಗಳ ಕಥೆ ಬೇರೆ. ಅಲ್ಲಿ ಕಟ್ಟುವುದು ಹೆಚ್ಚಾಗಿ ಮಸಿ ಹಿಡಿಯುವ ಫಿಲ್ಟರ್, ಪೇಟೆಗೂ ತೋಟಕ್ಕೂ ನಡುವೆ ಐದು ಕಿಲೋಮೀಟರ್ ಓಡಿಸುವುದರಿಂದ. ಆ ಫಿಲ್ಟರಿನ ದೀಪ ಬಂದರೆ ಇಪ್ಪತ್ತು ನಿಮಿಷ ಒಂದೇ ಸಮ ಹೈವೇಯಲ್ಲಿ ಓಡಿಸಿ.

ಹೊಸ ಕನ್ವರ್ಟರ್ ಹಾಕಿದ ಮೇಲೆ ಬೇಸಿಗೆಯಲ್ಲಿ ಬ್ಯಾಣದ (ಹುಲ್ಲುಗಾವಲಿನ) ಒಣಹುಲ್ಲಿನ ಮೇಲೋ ದರಕಿನ (ಒಣ ಎಲೆಯ) ರಾಶಿ ಮೇಲೋ ಕಾರು ನಿಲ್ಲಿಸಬೇಡಿ, ಅದರ ಹೊರಮೈಯೇ ಬೆಂಕಿ ಹೊತ್ತಿಸುವಷ್ಟು ಕಾದಿರುತ್ತದೆ. ತೆಗೆದ ಹಳೆಯ ಡಬ್ಬಿಯನ್ನು ಕೇಳಿ ತೆಗೆದುಕೊಳ್ಳಿ. ಒಳಗಿನ ಲೋಹಕ್ಕೆ ಗುಜರಿಯಲ್ಲಿ ಕಬ್ಬಿಣದ ರೇಟಲ್ಲ, ಬೇರೆಯೇ ರೇಟಿದೆ. ಗ್ಯಾರೇಜಿನವರು ಬಿಲ್ಲಿನಲ್ಲಿ ಅದನ್ನು ಕಳೆಯದೆ 'ಇಲ್ಲೇ ಇರಲಿ ಬಿಡಿ' ಅಂದರೆ ಕಾರಣ ಅದೇ.