ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆಯೇ?

ಹದಿನಾಲ್ಕರ ಹುಡುಗ ಡಂಬೆಲ್ ಹಿಡಿದದ್ದೇ ತಡ, 'ಈ ವಯಸ್ಸಲ್ಲಿ ಭಾರ ಎತ್ತಬೇಡ, ಕುಳ್ಳ ಆಗ್ತೀಯ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೇ ಹುಡುಗ ಗೋಡೆ ಹತ್ತಿ ಕೆಳಕ್ಕೆ ಜಿಗಿದರೆ ಎತ್ತರದ ಚಿಂತೆ ಯಾರಿಗೂ ಬಾರದು. ಜಿಗಿದು ನೆಲಕ್ಕೆ ಕಾಲೂರುವ ಕ್ಷಣದಲ್ಲಿ ಅವನ ಮೂಳೆಗಳು ಮೈತೂಕದ ಹಲವು ಪಟ್ಟು ಹೊಡೆತ ತಾಳಿಕೊಳ್ಳುತ್ತವೆ. ಐದು ಕಿಲೋ ಡಂಬೆಲ್ ಅದರ ಮುಂದೆ ಯಾವ ಲೆಕ್ಕ?

ನಾವು ಉದ್ದವಾಗುವುದು ಕಾಲು, ಕೈಗಳ ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಯ ತೆಳು ಪದರದಿಂದ. ಅದೇ ಬೆಳವಣಿಗೆ ಫಲಕ. ಸೂಕ್ಷ್ಮದರ್ಶಕದಲ್ಲಿ ಅದರ ಕೋಶಗಳು ನಾಣ್ಯ ಪೇರಿಸಿಟ್ಟಂತೆ ಸಾಲು ಸಾಲಾಗಿ ಕಾಣುತ್ತವೆ. ಒಂದು ಕಡೆ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಹಳೆಯವು ಇನ್ನೊಂದು ಕಡೆಗೆ ಸರಿದು, ಹಲವು ಪಟ್ಟು ಊದಿಕೊಂಡು, ಕೊನೆಗೆ ಜಾಗ ಬಿಟ್ಟುಕೊಡುತ್ತವೆ. ಅಲ್ಲಿ ಮೂಳೆ ಕಟ್ಟಿಕೊಳ್ಳುತ್ತದೆ. ಈ ಊದಿಕೊಳ್ಳುವ ಹಂತವೇ ನಮ್ಮನ್ನು ಮುಖ್ಯವಾಗಿ ಎತ್ತರಿಸುವುದು.

ಈ ಕೆಲಸಕ್ಕೆ ತೆರೆ ಎಳೆಯುವುದು ಹೆಣ್ಣಿನ ಹಾರ್ಮೋನು ಎಂದೇ ಹೆಸರಾದ ಈಸ್ಟ್ರೋಜನ್. ಹೌದು, ಹುಡುಗರಲ್ಲೂ! ಅವರ ಗಂಡು ಹಾರ್ಮೋನು ಟೆಸ್ಟೋಸ್ಟೆರೋನ್‌ನ ಒಂದಂಶ ಈಸ್ಟ್ರೋಜನ್ ಆಗಿ ಮಾರ್ಪಟ್ಟು ಫಲಕವನ್ನು ಪೂರ್ತಿ ಮೂಳೆಯಾಗಿಸಿ ಮುಚ್ಚಿಸುತ್ತದೆ. 1994ರಲ್ಲಿ ವೈದ್ಯರು ಒಬ್ಬ ವಿಚಿತ್ರ ರೋಗಿಯ ವಿವರ ಪ್ರಕಟಿಸಿದರು. ವಯಸ್ಸು 28, ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಿದ್ದ. ಟೆಸ್ಟೋಸ್ಟೆರೋನ್‌ಗೆ ಕೊರತೆಯಿರಲಿಲ್ಲ, ಈಸ್ಟ್ರೋಜನ್‌ನ ಸಂದೇಶ ಹಿಡಿಯುವ ಗ್ರಾಹಕ ಮಾತ್ರ ಕೆಟ್ಟಿತ್ತು. ಅವನ ಫಲಕಗಳು ಮುಚ್ಚಿಕೊಂಡೇ ಇರಲಿಲ್ಲ. ಇಷ್ಟಾದ ಮೇಲೂ ಡಂಬೆಲ್ ಮೇಲೆ ಗೂಬೆ ಕೂರಿಸುವವರಿಗೆ ಏನು ಹೇಳುವುದು?

ಫಲಕಕ್ಕೆ ಪೆಟ್ಟು ಬೀಳುವುದೇ ಇಲ್ಲ ಎಂದಲ್ಲ. ಬಿದ್ದಾಗ, ಆಟದಲ್ಲಿ ಡಿಕ್ಕಿಯಾದಾಗ, ಗೆಳೆಯರೆದುರು ತಾಕತ್ತು ತೋರಿಸಲು ಹೋಗಿ ಭಾರ ಕೈಮೀರಿದಾಗ ಅದು ಮುರಿಯಬಹುದು. ಚಿಕ್ಕವರಿಗಂತೂ ತೂಕದ ಬಿಲ್ಲೆ ಕಾಲ ಮೇಲೆ ಬೀಳುವುದು, ಬೆರಳು ಸಿಕ್ಕಿಕೊಳ್ಳುವುದೇ ಹೆಚ್ಚು. ತಿಳಿದವರೊಬ್ಬರು ಪಕ್ಕದಲ್ಲಿರಬೇಕು ಅನ್ನುವುದು ಇದಕ್ಕೇ.

ಕ್ರಿ.ಪೂ. ಆರನೇ ಶತಮಾನದ ಕುಸ್ತಿಪಟು, ಕ್ರೋಟನ್ನಿನ ಮೈಲೋನ ಕಥೆ ಜಿಮ್‌ಗಳಲ್ಲಿ ಪ್ರಸಿದ್ಧ. ದಿನವೂ ಒಂದು ಕರುವನ್ನು ಹೆಗಲಿಗೇರಿಸಿಕೊಂಡು ನಡೆದನಂತೆ. ಕರು ಹೋರಿಯಾಯಿತು, ಇವನು ಬಲಭೀಮನಾದ. ಕೇಳಲು ಚೆನ್ನ. ಆದರೆ ಹೋರಿ ನೂರಾರು ಕಿಲೋ ತೂಗುತ್ತದೆ, ಬಲ ಹಾಗೆ ದಿನಂಪ್ರತಿ ಏರುತ್ತಾ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪ ಏರಿಸು ಎಂಬ ತತ್ವವಷ್ಟೇ ಅಲ್ಲಿ ಸರಿ. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಮೊದಲು ಬರೀ ಮೈತೂಕ. ಭಂಗಿ ಕೆಡದೆ ಹತ್ತು ಹದಿನೈದು ಸಲ ಮಾಡಲು ಬಂದರೆ ಆಮೇಲೆ ಹಗುರ ತೂಕ; ಅದೂ ಹಾಗೆಯೇ ಸಲೀಸಾದರೆ ಆ ತೂಕ ಶೇ. 5ರಿಂದ 10ರಷ್ಟು ಹೆಚ್ಚು.

ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ಎತ್ತುವ ಭಾರ ಮಾತ್ರ ಹೆಚ್ಚುತ್ತದೆ. ಬದಲಾಗುತ್ತಿರುವುದು ನರಮಂಡಲ: ಸುಮ್ಮನಿದ್ದ ಸ್ನಾಯು ತಂತುಗಳನ್ನೂ ಅದು ಕೆಲಸಕ್ಕೆ ಎಳೆದುಕೊಳ್ಳುತ್ತಿದೆ. ಹರೆಯಕ್ಕೆ ಕಾಲಿಡುವ ಮುಂಚೆ ಬರುವ ಬಲವೆಲ್ಲ ಹೆಚ್ಚುಕಮ್ಮಿ ಹೀಗೆಯೇ. ಇದು ಗೊತ್ತಿಲ್ಲದ ಹುಡುಗರು ತಾಳ್ಮೆಗೆಟ್ಟು ಪ್ರೋಟೀನ್ ಪುಡಿಯ ಡಬ್ಬಿಗೆ ಕೈಹಾಕುತ್ತಾರೆ.

ಪುಡಿ ಬೇಕಿಲ್ಲ. ವ್ಯಾಯಾಮ ಮಾಡುವ ಹದಿಹರೆಯದವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಧಾರಾಳ. 50 ಕಿಲೋ ಇದ್ದರೆ 60ರಿಂದ 80 ಗ್ರಾಂ. ಬೇಳೆಕಾಳು, ಹಾಲು, ಮೊಟ್ಟೆಯಂಥ ದಿನನಿತ್ಯದ ಊಟದಲ್ಲೇ ಇದು ಸಿಗುತ್ತದೆ. ನನಗೆ ಹೆದರಿಕೆ ಹುಟ್ಟಿಸುವುದು ಇನ್ನೊಂದು: 'ಹೊಟ್ಟೆ ಕರಗಿಸುತ್ತೇನೆ' ಎಂದು ಊಟ ಬಿಡುವುದು. ಶಕ್ತಿ ಸಾಲದಾದಾಗ ದೇಹ ತುರ್ತಲ್ಲದ ಖರ್ಚುಗಳನ್ನು ಕಡಿತ ಮಾಡುತ್ತದೆ. ಹುಡುಗಿಯರಲ್ಲಿ ಮುಟ್ಟು ನಿಲ್ಲಬಹುದು, ಮೂಳೆ ಸೊರಗಬಹುದು, ಬೆಳವಣಿಗೆಯೇ ಕುಂಠಿತವಾಗಬಹುದು. ಎತ್ತರದ ಬಗ್ಗೆ ಚಿಂತಿಸುವವರು ಡಂಬೆಲ್ ಬಿಟ್ಟು ತಟ್ಟೆಯ ಕಡೆ ನೋಡಲಿ.

ಇನ್ನು ಒಂದು ಎಚ್ಚರಿಕೆ ಬೇಕಾದ ಕಾಲವಿದೆ. ಎತ್ತರ ಸರ್ರನೆ ಏರುವಾಗ ಮೂಳೆ ಉದ್ದವಾಗುವ ವೇಗಕ್ಕೆ ಖನಿಜ ತುಂಬುವ ವೇಗ ಹೊಂದುವುದಿಲ್ಲ. ಮುಂಗೈ ಮುರಿತಗಳು ಆ ವಯಸ್ಸಿನಲ್ಲೇ ಹೆಚ್ಚು. ಎರಡು ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಟ್ಟರೆ ಆ ಕಾಲ ಬಂದದ್ದು ಗೊತ್ತಾಗುತ್ತದೆ. ಆಗ ತೂಕ ಏರಿಸದೆ ಬಸ್ಕಿಯ, ಅಂದರೆ ಸ್ಕ್ವಾಟ್‌ನ ಭಂಗಿಯನ್ನು ಮತ್ತೆ ಮೊದಲಿಂದ ತಿದ್ದಿಕೊಡಿ. ತೊಡೆ, ಮೊಣಕಾಲಿನ ಅಳತೆಯೇ ಬದಲಾಗಿರುತ್ತದೆ.